ಎದುರಿನ ಶಾಕ್ಸ್ ಹೋದ ಹಳೆ ಬೈಕ್: ನಾವು ಬಿದ್ದು ಕಲಿತದ್ದು

ನಮ್ಮ ರೂಮಿನ ಮೂವರಿಗೂ ಸೇರಿ ಒಂದು ಬೈಕ್ ಉಂಟು. 100 ಸಿಸಿ, ಪ್ರಾಯದಲ್ಲಿ ನಮಗಿಂತ ಸ್ವಲ್ಪವೇ ಚಿಕ್ಕದು. ಒಬ್ಬ ಸೀನಿಯರ್ ಮಣಿಪಾಲ ಬಿಟ್ಟು ಹೋಗುವಾಗ ನಮಗೆ ಮಾರಿ ಹೋದದ್ದು. ಅವರಿಗೆ ಅವರ ಸೀನಿಯರ್ ಮಾರಿದ್ದು. ಹೀಗೆ ಕೈಯಿಂದ ಕೈಗೆ ಬರುವ ಗಾಡಿ ತಗೊಳ್ಳುವಾಗ ಇಂಜಿನ್ ಹೇಗುಂಟು, ಮೈಲೇಜ್ ಎಷ್ಟು ಕೊಡ್ತದೆ ಅಂತ ಎಲ್ಲರೂ ಕೇಳ್ತಾರೆ. ಎದುರಿನ ಶಾಕ್ಸ್ ಹೇಗುಂಟು ಅಂತ ಯಾರೂ ಕೇಳುವುದಿಲ್ಲ. ನಾವೂ ಕೇಳಲಿಲ್ಲ.

ಕಳೆದ ಜುಲೈಯಲ್ಲಿ ನಮ್ಮಲ್ಲಿ ಇಬ್ಬರು ಕಾರ್ಕಳಕ್ಕೆ ಹೊರಟಿದ್ದೆವು. ಮಣಿಪಾಲ ದಾಟಿ ಪರ್ಕಳದ ಕಡೆಗೆ ಇಳಿಯುವಾಗ ಸಣ್ಣ ಮಳೆ. ಸ್ಪೀಡ್ 40ರ ಆಸುಪಾಸು. ತಿರುವಿಗೆ ಮೊದಲು ಎದುರಿನ ಬ್ರೇಕ್ ಹಿಡಿದೆವು. ಅಲ್ಲಿ ದೊಡ್ಡ ಹೊಂಡ ಏನೂ ಇರಲಿಲ್ಲ. ಡಾಂಬರು ಸ್ವಲ್ಪ ಅಲೆ ಅಲೆಯಾಗಿ ಎದ್ದಿತ್ತು, ಅಷ್ಟೆ. ಹ್ಯಾಂಡಲ್ ದಡದಡ ಅಂತ ನಡುಗಿತು, ಮರುಕ್ಷಣ ಎದುರಿನ ಚಕ್ರ ಜಾರಿ ನಾವಿಬ್ಬರೂ ರಸ್ತೆಯ ಮೇಲೆ. ಮೊಣಕಾಲು, ಅಂಗೈ ಕಿತ್ತುಹೋಯಿತು. ಹಿಂದಿನಿಂದ ಬರುತ್ತಿದ್ದ ಬಸ್ಸಿನ ಡ್ರೈವರ್ ಸಮಯಕ್ಕೆ ಸರಿಯಾಗಿ ನಿಲ್ಲಿಸಿದರು. ಅವರು ನಿಲ್ಲಿಸದಿದ್ದರೆ ಈ ಲೇಖನ ಇರುತ್ತಿರಲಿಲ್ಲ.

ಮಳೆ, ರಸ್ತೆ, ಸವೆದ ಟೈರ್ ಅಂತ ನಾವು ಕಾರಣ ಹುಡುಕುತ್ತಿದ್ದೆವು. ಟೈರ್ ಹೊಸತೇ ಇತ್ತು. ಮೆಕ್ಯಾನಿಕ್ ಅಣ್ಣ ಗಾಡಿ ನೋಡಿ, ಹ್ಯಾಂಡಲ್ ಎರಡು ಸಲ ಒತ್ತಿ ಬಿಟ್ಟು, "ಎಂತ ಮಾರಾಯ್ರೆ, ಇದರಲ್ಲಿ ಆಯಿಲೇ ಇಲ್ಲ. ಬರೀ ಸ್ಪ್ರಿಂಗಿನ ಮೇಲೆ ಗಾಡಿ ಬಿಡ್ತಾ ಇದ್ದೀರಿ" ಅಂದರು. ಆ ಒಂದು ಮಾತು ಅರ್ಥ ಆಗಲಿಕ್ಕೆ ನಮಗೆ ಎರಡು ವಾರ ಹಿಡಿಯಿತು. ಅದನ್ನೇ ಇಲ್ಲಿ ಬರೆದಿದ್ದೇವೆ.

ಸ್ಪ್ರಿಂಗ್ ಬೇರೆ, ಶಾಕಬ್ಸರ್ ಬೇರೆ

ನಮ್ಮ ಕ್ಯಾಂಪಸ್ಸಿನ ಹೆಚ್ಚಿನ ಬೈಕುಗಳ ಎದುರು ಇರುವುದು ಟೆಲಿಸ್ಕೋಪಿಕ್ ಫೋರ್ಕ್. ಇದು ಹೊಸ ತಂತ್ರ ಅಲ್ಲ. ಒಳಗೆ ಆಯಿಲ್ ಡ್ಯಾಂಪಿಂಗ್ ಇರುವ ಟೆಲಿಸ್ಕೋಪಿಕ್ ಫೋರ್ಕನ್ನು 1935ರಲ್ಲೇ ಬಿಎಂಡಬ್ಲ್ಯೂ ತನ್ನ ಆರ್12 ಮತ್ತು ಆರ್17 ಬೈಕುಗಳಲ್ಲಿ ಮಾರಾಟಕ್ಕೆ ತಂದಿತ್ತು. ಸಾಮಾನ್ಯ ಕಮ್ಯೂಟರ್ ಬೈಕಿನಲ್ಲಿ ಇಂದಿಗೂ ಮೂಲ ಐಡಿಯಾ ಅದೇ.

ಚಕ್ರದ ಎರಡೂ ಬದಿಗೆ ಒಂದೊಂದು ಕಾಲು. ಪ್ರತಿ ಕಾಲಿನಲ್ಲಿ ಮೇಲಿನಿಂದ ಬರುವ, ಕ್ರೋಮ್ ಹಾಕಿದ ಹೊಳೆಯುವ ಪೈಪ್. ಅದು ಕೆಳಗಿನ ದಪ್ಪ ಅಲ್ಯೂಮಿನಿಯಂ ಕೇಸಿನ ಒಳಗೆ ಜಾರುತ್ತದೆ. ಪೈಪಿನ ಒಳಗೆ ಉದ್ದದ ಸ್ಪ್ರಿಂಗ್, ಅದರ ಕೆಳಗೆ ತೂತುಗಳಿರುವ ಡ್ಯಾಂಪರ್ ರಾಡ್, ಸುತ್ತ ಆಯಿಲ್. ಪೈಪ್ ಮತ್ತು ಕೇಸ್ ಸೇರುವಲ್ಲಿ ರಬ್ಬರಿನ ಆಯಿಲ್ ಸೀಲ್. ಅದರ ಮೇಲೆ ಧೂಳು ತಡೆಯುವ ಡಸ್ಟ್ ಸೀಲ್.

ಸ್ಪ್ರಿಂಗಿನ ಕೆಲಸ ಭಾರ ಹೊರುವುದು. ಹೊಂಡಕ್ಕೆ ಬಿದ್ದಾಗ ಅದು ಕುಗ್ಗಿ ಶಕ್ತಿಯನ್ನು ಒಳಗೆ ಇಟ್ಟುಕೊಳ್ಳುತ್ತದೆ. ಆದರೆ ಇಟ್ಟುಕೊಂಡದ್ದನ್ನು ಪೂರ್ತಿ ವಾಪಸ್ ಕೊಡುತ್ತದೆ. ಕುಗ್ಗಿದ್ದು ಚಿಮ್ಮುತ್ತದೆ, ಚಿಮ್ಮಿದ್ದು ಮತ್ತೆ ಕುಗ್ಗುತ್ತದೆ. ಇದನ್ನು ನಿಲ್ಲಿಸುವುದು ಆಯಿಲ್. ಫೋರ್ಕ್ ಮೇಲೆ ಕೆಳಗೆ ಹೋಗುವಾಗ ಆಯಿಲ್ ಆ ಸಣ್ಣ ತೂತುಗಳಲ್ಲಿ ನುಗ್ಗಬೇಕಾಗುತ್ತದೆ. ನುಗ್ಗುವಾಗ ಆಗುವ ಘರ್ಷಣೆಯಲ್ಲಿ ಆ ಶಕ್ತಿ ಬಿಸಿಯಾಗಿ ಮುಗಿದುಹೋಗುತ್ತದೆ. ನಿಜವಾದ ಶಾಕಬ್ಸರ್ ಅಂದರೆ ಈ ಆಯಿಲಿನ ಭಾಗ.

ಫಸ್ಟ್ ಇಯರ್ ಫಿಸಿಕ್ಸಿನಲ್ಲಿ ನಾವೆಲ್ಲ ಡ್ಯಾಂಪ್ಡ್ ಆಸಿಲೇಶನ್ ಬರೆದವರೇ. ದ್ರವ್ಯರಾಶಿಯ ಒಂದು ಪದ, ವೇಗಕ್ಕೆ ಗುಣಿಸುವ ಡ್ಯಾಂಪಿಂಗ್ ಪದ, ಸ್ಥಾನಾಂತರಕ್ಕೆ ಗುಣಿಸುವ ಸ್ಪ್ರಿಂಗ್ ಪದ. ಆ ಮಧ್ಯದ ಪದವನ್ನು ಸೊನ್ನೆ ಮಾಡಿದರೆ ಗ್ರಾಫ್ ಎಂದೂ ಸಾಯದ ಸೈನ್ ಅಲೆ ಆಗ್ತದೆ ಅಂತ ಉತ್ತರ ಪತ್ರಿಕೆಯಲ್ಲಿ ಚಂದ ಮಾಡಿ ಬಿಡಿಸಿದ್ದೆವು. ಅದೇ ಸಮಯಕ್ಕೆ ಪಾರ್ಕಿಂಗಿನಲ್ಲಿ ನಿಂತಿದ್ದ ನಮ್ಮ ಬೈಕಿನಲ್ಲಿ ಆ ಪದ ನಿಧಾನಕ್ಕೆ ಸೊನ್ನೆಯ ಕಡೆ ಹೋಗ್ತಾ ಇತ್ತು.

ಹಾಗಾದರೆ ಬಿದ್ದದ್ದು ಯಾಕೆ

ಸಸ್ಪೆನ್ಶನ್ ಅಂದರೆ ಕುಳಿತವರಿಗೆ ಕುಲುಕಾಟ ಆಗದ ಹಾಗೆ ಮಾಡುವ ವ್ಯವಸ್ಥೆ ಅಂತ ನಾವು ತಿಳಿದಿದ್ದೆವು. ಅದು ಅರ್ಧ ಸತ್ಯ. ಅದಕ್ಕಿಂತ ದೊಡ್ಡ ಕೆಲಸ ಟೈರನ್ನು ರಸ್ತೆಗೆ ಅಂಟಿಸಿ ಇಡುವುದು. ಟೈರ್ ರಸ್ತೆಯನ್ನು ಎಷ್ಟು ಒತ್ತುತ್ತದೋ ಅಷ್ಟಕ್ಕೆ ತಕ್ಕ ಹಾಗೆ ಮಾತ್ರ ಗ್ರಿಪ್ ಸಿಗುವುದು. ಟೈರ್ ಗಾಳಿಯಲ್ಲಿದ್ದರೆ ಗ್ರಿಪ್ ಸೊನ್ನೆ, ಬ್ರೇಕ್ ಎಷ್ಟೇ ಒಳ್ಳೆಯದಿರಲಿ.

ಈಗ ಒಂದು ಸಣ್ಣ ಲೆಕ್ಕ. 40 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ರಸ್ತೆಯ ಅಲೆಗಳು ಒಂದೊಂದು ಮೀಟರಿಗೆ ಒಂದರಂತೆ ಇದ್ದರೆ ಚಕ್ರಕ್ಕೆ ಸೆಕೆಂಡಿಗೆ 11 ಪೆಟ್ಟು. ಬೈಕಿನ ಚಕ್ರ ಟೈರಿನ ಮೇಲೆ ತಾನಾಗಿ ಕುಣಿಯುವ ನ್ಯಾಚುರಲ್ ಫ್ರೀಕ್ವೆನ್ಸಿ ಕೂಡ ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15ರ ಒಳಗೆ ಇರುತ್ತದೆ. ಎರಡೂ ಹೊಂದಿದರೆ ಏನಾಗ್ತದೆ ಅಂತ ಹೇಳಬೇಕಾಗಿಲ್ಲ, ರೆಸೊನೆನ್ಸ್. ಆಯಿಲ್ ಸರಿ ಇದ್ದರೆ ಆ ಕುಣಿತ ಅಲ್ಲಲ್ಲೇ ಮುಗಿಯುತ್ತದೆ. ಇಲ್ಲದಿದ್ದರೆ ಚಕ್ರ ಅಲೆಯಿಂದ ಅಲೆಗೆ ಹಾರುತ್ತಾ ಹೋಗುತ್ತದೆ. ಹ್ಯಾಂಡಲಿನಲ್ಲಿ ನಮಗೆ ಸಿಕ್ಕಿದ ದಡದಡ ಅದೇ.

ಅದರ ಮೇಲೆ ಬ್ರೇಕ್. ಬೈಕ್ ಮತ್ತು ಇಬ್ಬರು ಸೇರಿ 240 ಕಿಲೋ ಅಂತ ಇಟ್ಟುಕೊಳ್ಳಿ. ಒಟ್ಟು ಭಾರದ ಕೇಂದ್ರ ನೆಲದಿಂದ 60 ಸೆಂಟಿಮೀಟರ್ ಎತ್ತರ, ಎರಡು ಚಕ್ರಗಳ ನಡುವೆ 1.2 ಮೀಟರ್. ಸೆಕೆಂಡಿಗೆ 4 ಮೀಟರ್ ವೇಗ ಕಡಿಮೆ ಆಗುವಂತೆ ಬ್ರೇಕ್ ಹಿಡಿದರೆ, ಹಿಂದಿನ ಚಕ್ರದಿಂದ ಎದುರಿನ ಚಕ್ರಕ್ಕೆ 480 ನ್ಯೂಟನ್ ಭಾರ ವರ್ಗ ಆಗುತ್ತದೆ. ಅಂದರೆ ಹೆಚ್ಚುಕಮ್ಮಿ 50 ಕಿಲೋದ ಅಕ್ಕಿ ಮೂಟೆಯನ್ನು ಯಾರೋ ಹ್ಯಾಂಡಲಿನ ಮೇಲೆ ಇಟ್ಟ ಹಾಗೆ. ಆಯಿಲ್ ಇಲ್ಲದ ಫೋರ್ಕ್ ಅದನ್ನು ತಡೆಯದೆ ಒಮ್ಮೆಲೇ ಕೆಳಗೆ ಕುಸಿಯುತ್ತದೆ. ಪೂರ್ತಿ ಕುಸಿದ ಮೇಲೆ ರಸ್ತೆಯ ಅಲೆ ನುಂಗಲಿಕ್ಕೆ ಜಾಗವೇ ಉಳಿಯುವುದಿಲ್ಲ. ಬ್ರೇಕ್ ಹಿಡಿದಿರುವಾಗ ಟೈರ್ ಒಂದು ಕ್ಷಣ ಹಾರಿದರೆ ಚಕ್ರ ಅಲ್ಲೇ ಲಾಕ್ ಆಗುತ್ತದೆ. ತಿರುಗದೆ ನಿಂತ ಚಕ್ರ ಒದ್ದೆ ರಸ್ತೆಗೆ ಮತ್ತೆ ತಾಗಿದಾಗ ಜಾರುವುದೇ ಸೈ.

ನಮಗೆ ಮೊದಲೇ ಯಾಕೆ ಗೊತ್ತಾಗಲಿಲ್ಲ? ಶಾಕ್ಸ್ ಒಂದೇ ದಿನ ಹಾಳಾಗುವುದಿಲ್ಲ. ತಿಂಗಳಿಗೆ ಸ್ವಲ್ಪ ಸ್ವಲ್ಪ ಹೋಗುತ್ತದೆ, ನಾವು ತಿಂಗಳಿಗೆ ಸ್ವಲ್ಪ ಸ್ವಲ್ಪ ಹೊಂದಿಕೊಳ್ಳುತ್ತೇವೆ. ಹಂಪ್ ಬಂದಾಗ ಎದ್ದು ನಿಲ್ಲುತ್ತೇವೆ, ಹೊಂಡ ತಪ್ಪಿಸಿ ಬಿಡುತ್ತೇವೆ, "ಹಳೆ ಗಾಡಿ ಅಲ್ವಾ, ಹೀಗೇ" ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ. ಗುರುತಿನ ರಸ್ತೆಯಲ್ಲಿ ಇದು ನಡೆಯುತ್ತದೆ. ಗುರುತಿಲ್ಲದ ತಿರುವಿನಲ್ಲಿ ನಡೆಯುವುದಿಲ್ಲ.

ನಮ್ಮ ಕಡೆ ಬೇಗ ಹಾಳಾಗಲಿಕ್ಕೆ ಕಾರಣ

ಮಣಿಪಾಲದಿಂದ ಉಡುಪಿ, ಕಾಪು, ಪಡುಬಿದ್ರಿ, ಅಲ್ಲಿಂದ ಬೆಳ್ಮಣ್ ಮೇಲೆ ಕಾರ್ಕಳ, ಹಿರಿಯಡ್ಕ ದಾರಿಯಾಗಿ ವಾಪಸ್. ಭಾನುವಾರದ ನಮ್ಮ ಈ ಸುತ್ತಿನಲ್ಲಿ ಫೋರ್ಕಿನ ಮೂರು ಶತ್ರುಗಳೂ ಸಿಗುತ್ತವೆ.

ಮೊದಲನೆಯದು ಉಪ್ಪು. ಕಾಪುವಿನಲ್ಲಿ 1901ರ ಲೈಟ್‌ಹೌಸಿನ ಕೆಳಗೆ ಗಾಡಿ ನಿಲ್ಲಿಸಿ ಸೂರ್ಯಾಸ್ತ ನೋಡುವಾಗ ಸಮುದ್ರದ ಗಾಳಿ ಪೈಪಿನ ಮೇಲೂ ಕೂರುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಕ್ರೋಮ್ ಪದರದ ಸಣ್ಣ ಬಿರುಕುಗಳಲ್ಲಿ ಇಳಿದು ಕೆಳಗಿನ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಆಗ ಸೂಜಿ ಮೊನೆಯಷ್ಟು ಚಿಕ್ಕ ಗುಳಿಗಳು ಏಳುತ್ತವೆ. ಕಣ್ಣಿಗೆ ಕಾಣದಿದ್ದರೂ ಉಗುರಿಗೆ ತಾಗುತ್ತವೆ. ಫೋರ್ಕ್ ಪ್ರತಿ ಸಲ ಜಾರುವಾಗ ಆ ಗುಳಿಯ ಅಂಚು ಸೀಲಿನ ರಬ್ಬರ್ ತುಟಿಯನ್ನು ಸ್ವಲ್ಪ ಸ್ವಲ್ಪವೇ ಕುಯ್ಯುತ್ತದೆ.

ಎರಡನೆಯದು ಕೆಂಪು ಧೂಳು. ನಮ್ಮ ಜಿಲ್ಲೆಯ ಮುರಕಲ್ಲಿನ ಮಣ್ಣು ಬೇಸಿಗೆಯಲ್ಲಿ ಹಿಟ್ಟಿನ ಹಾಗೆ ಎದ್ದು ಡಸ್ಟ್ ಸೀಲಿನ ಕೆಳಗೆ ಸೇರುತ್ತದೆ. ಸೀಲಿನ ತುಟಿಗೂ ಪೈಪಿಗೂ ನಡುವೆ ಅದು ಸ್ಯಾಂಡ್ ಪೇಪರಿನ ಕೆಲಸ ಮಾಡುತ್ತದೆ.

ಮೂರನೆಯದು ಮಳೆ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು. ಡಸ್ಟ್ ಸೀಲ್ ಹರಿದಿದ್ದರೆ ನೀರು ಒಳಗೆ ಇಳಿದು ಆಯಿಲಿಗೆ ಸೇರುತ್ತದೆ, ಒಳಗಿನ ಸರ್ಕ್ಲಿಪ್ ತುಕ್ಕು ಹಿಡಿಯುತ್ತದೆ. ನಾವು ಫೋರ್ಕ್ ಬಿಚ್ಚಿದಾಗ ಒಂದು ಕಾಲಿನಿಂದ ಬಂದದ್ದು ನಾಲ್ಕು ಚಮಚದಷ್ಟು ಬೂದು ಬಣ್ಣದ ನೀರಿನಂತಹ ದ್ರವ. ಇನ್ನೊಂದರಿಂದ ಸ್ವಲ್ಪ ಜಾಸ್ತಿ, ಕಪ್ಪಗೆ.

ಎರಡು ನಿಮಿಷದ ಪರೀಕ್ಷೆ

ಇದನ್ನು ಇವತ್ತೇ ಪಾರ್ಕಿಂಗಿಗೆ ಹೋಗಿ ಮಾಡಿ. ಮೊದಲು ಎದುರಿನ ಟೈರಿನ ಗಾಳಿ ಸರಿ ಇದೆಯಾ ನೋಡಿ. ಗಾಳಿ ಕಡಿಮೆ ಇದ್ದರೂ ಗಾಡಿ ತೇಲಿದ ಹಾಗೆ ಆಗ್ತದೆ, ಸುಮ್ಮನೆ ಶಾಕ್ಸಿಗೆ ಬೈಯುವುದು ಬೇಡ.

ಒಂದು: ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಎದುರಿನ ಬ್ರೇಕ್ ಹಿಡಿದು, ಹ್ಯಾಂಡಲನ್ನು ಜೋರಾಗಿ ಕೆಳಗೆ ಒತ್ತಿ ಬಿಡಿ. ಮೇಲೆ ಬಂದು ಒಮ್ಮೆಗೇ ನಿಂತರೆ ಒಳ್ಳೆಯದು. ಮೇಲೆ, ಕೆಳಗೆ, ಮತ್ತೆ ಮೇಲೆ ಅಂತ ತೂಗಿದರೆ ಡ್ಯಾಂಪಿಂಗ್ ಹೋಗಿದೆ. ಒತ್ತಿದಾಗ ಲೋಹಕ್ಕೆ ಲೋಹ ಬಡಿದ ಟಕ್ ಶಬ್ದ ಬಂದರೆ ಇನ್ನೂ ತಡ ಮಾಡಬೇಡಿ.

ಎರಡು: ಪೈಪನ್ನು ಬಿಳಿ ಬಟ್ಟೆಯಿಂದ ಒರೆಸಿ, ಹತ್ತು ಸಲ ಒತ್ತಿ, ಮತ್ತೆ ನೋಡಿ. ಎಣ್ಣೆಯ ಉಂಗುರ ಕಾಣಿಸಿದರೆ ಸೀಲ್ ಲೀಕ್. ಇಲ್ಲಿ ಒಂದು ಮೋಸ ಉಂಟು. ಆಯಿಲ್ ಪೂರ್ತಿ ಖಾಲಿಯಾದ ಮೇಲೆ ಲೀಕ್ ಕೂಡ ನಿಂತುಬಿಡುತ್ತದೆ. ನಮ್ಮದರಲ್ಲಿ ಪೈಪ್ ಚೊಕ್ಕ ಒಣಗಿತ್ತು, ಅದನ್ನು ನೋಡಿ ಖುಷಿಪಟ್ಟಿದ್ದೆವು! ಹಾಗಾಗಿ ಮೊದಲನೆಯ ಪರೀಕ್ಷೆ ಬಿಡಬೇಡಿ.

ಮೂರು: ಉಗುರನ್ನು ಪೈಪಿನ ಮೇಲೆ ನಿಧಾನಕ್ಕೆ ಎಳೆಯಿರಿ, ಗುಳಿ ತಾಗುತ್ತದಾ ನೋಡಿ.

ನಾಲ್ಕು: ಮೇನ್ ಸ್ಟ್ಯಾಂಡ್ ಹಾಕಿ, ಎದುರಿನ ಚಕ್ರ ನೆಲ ಬಿಟ್ಟಿರುವಾಗ ಫೋರ್ಕಿನ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಕಟಕಟ ಅಂದರೆ ಅದು ಕೋನ್‌ಸೆಟ್ ಇರಬಹುದು. ಅದರ ರಿಪೇರಿ ಬೇರೆ. ಎರಡನ್ನೂ ಒಂದೇ ಅಂತ ತಿಳಿದು ಬೇಡದ ಸಾಮಾನಿಗೆ ದುಡ್ಡು ಹಾಕುವವರು ಬೇಕಾದಷ್ಟು ಜನ.

ಬಿಚ್ಚುವ ಕೆಲಸ

ಮೆಕ್ಯಾನಿಕ್ ಅಣ್ಣನ ಗ್ಯಾರೇಜಿನಲ್ಲೇ, ಅವರು ನಿಂತು ನೋಡುತ್ತಿರುವಾಗ ನಾವು ಕೆಲಸ ಮಾಡಿದೆವು. ಮೊದಲ ಸಲ ಮಾಡುವವರು ಹೀಗೆ ಯಾರಾದರೂ ಗೊತ್ತಿದ್ದವರ ಎದುರೇ ಮಾಡಿ. ಗಾಡಿಯ ಸರ್ವಿಸ್ ಮ್ಯಾನುವಲ್ ಫೋನಿನಲ್ಲಿ ಇರಲಿ.

ಇಂಜಿನ್ ಕೆಳಗೆ ಮರದ ತುಂಡು ಕೊಟ್ಟು ಗಾಡಿ ಅಲ್ಲಾಡದಂತೆ ನಿಲ್ಲಿಸಬೇಕು. ಎದುರಿನ ಚಕ್ರ, ಬ್ರೇಕ್ ಕೇಬಲ್, ಮಡ್‌ಗಾರ್ಡ್ ತೆಗೆಯಬೇಕು. ಫೋರ್ಕಿನ ಮೇಲಿನ ಕ್ಯಾಪ್ ಬೋಲ್ಟನ್ನು, ಪೈಪ್ ಇನ್ನೂ ಕ್ಲಾಂಪಿನಲ್ಲಿ ಗಟ್ಟಿ ಇರುವಾಗಲೇ ಸ್ವಲ್ಪ ಲೂಸ್ ಮಾಡಿಡಬೇಕು. ಹೊರಗೆ ತೆಗೆದ ಮೇಲೆ ಅದನ್ನು ಹಿಡಿಯಲಿಕ್ಕೆ ಆಗುವುದಿಲ್ಲ. ಈ ಕ್ಯಾಪಿನ ಕೆಳಗೆ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ. ಪೂರ್ತಿ ಬಿಚ್ಚುವಾಗ ಅಂಗೈಯಿಂದ ಒತ್ತಿ ಹಿಡಿಯಿರಿ, ಮುಖ ಅದರ ನೇರಕ್ಕೆ ಇಡಬೇಡಿ.

ಆಯಿಲ್ ಸುರಿದು, ಸ್ಪ್ರಿಂಗ್ ತೆಗೆದು ಅದರ ಉದ್ದ ಅಳೆಯಿರಿ. ಹಳೆ ಸ್ಪ್ರಿಂಗ್ ಕುಗ್ಗಿ ಗಿಡ್ಡ ಆಗಿರಬಹುದು. ಎಷ್ಟರವರೆಗೆ ನಡೆಯುತ್ತದೆ ಅಂತ ಮ್ಯಾನುವಲಿನಲ್ಲಿ ಇರುತ್ತದೆ. ನಮ್ಮದು ಪಾಸ್ ಆಯಿತು. ಕೆಳಗಿನ ಅಲೆನ್ ಬೋಲ್ಟ್ ಬಿಚ್ಚುವಾಗ ಒಳಗಿನ ಡ್ಯಾಂಪರ್ ರಾಡ್ ಕೂಡ ಜೊತೆಗೇ ತಿರುಗುತ್ತದೆ. ಆಗ ಸ್ಪ್ರಿಂಗನ್ನು ವಾಪಸ್ ಹಾಕಿ ಒತ್ತಿ ಹಿಡಿದರೆ ರಾಡ್ ನಿಲ್ಲುತ್ತದೆ. ಆ ಬೋಲ್ಟಿನ ತಾಮ್ರದ ವಾಷರ್ ಹೊಸತು ಹಾಕಿ, ಹಳೆಯದನ್ನೇ ಹಾಕಿದರೆ ಕೆಳಗಿನಿಂದ ಲೀಕ್.

ಪೈಪ್ ಬೆಂಡ್ ಆಗಿದೆಯಾ ನೋಡಲಿಕ್ಕೆ ಸಮತಟ್ಟಾದ ಗಾಜಿನ ಮೇಲೆ ಉರುಳಿಸಿದೆವು. ಬೆಂಡ್ ಇದ್ದರೆ ಬೆಳಕು ಮಿಣುಕುತ್ತದೆ. ಹೊಸ ಸೀಲ್ ಹಾಕುವಾಗ ಪೈಪಿನ ತುದಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಆಯಿಲ್ ಸವರಿ ಇಳಿಸಬೇಕು. ಇಲ್ಲದಿದ್ದರೆ ಪೈಪಿನ ಅಂಚೇ ಹೊಸ ಸೀಲನ್ನು ಕುಯ್ಯುತ್ತದೆ. ಸೀಲ್ ಕೂರಿಸುವ ಟೂಲ್ ಇಲ್ಲದ್ದಕ್ಕೆ ಸರಿಯಾದ ಸೈಜಿನ ಪಿವಿಸಿ ಪೈಪಿನ ತುಂಡು ಸಾಕಾಯಿತು.

ಆಯಿಲ್ ಎರಡೂ ಕಾಲಿಗೆ ಒಂದೇ ಅಳತೆ. ಹಾಕಿದ ಮೇಲೆ ನಿಧಾನಕ್ಕೆ ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಮಾಡಿ ಗಾಳಿ ಗುಳ್ಳೆ ಬಿಡಿಸಬೇಕು. ಚಕ್ರ ಹಾಕಿದ ಮೇಲೆ ಗಾಡಿಯನ್ನು ನಾಲ್ಕು ಸಲ ಒತ್ತಿ, ಎರಡೂ ಕಾಲು ತಮ್ಮ ಜಾಗಕ್ಕೆ ಕೂತ ಮೇಲೆಯೇ ಆಕ್ಸಲ್ ನಟ್ ಟೈಟ್ ಮಾಡಬೇಕು.

ಹಳೆ ಆಯಿಲನ್ನು ಚರಂಡಿಗೆ ಸುರಿಯಬೇಡಿ. ಉಡುಪಿ ಮಣಿಪಾಲಕ್ಕೆ ನಲ್ಲಿಯಲ್ಲಿ ಬರುವುದು ಬಜೆಯ ಸ್ವರ್ಣಾ ನದಿಯ ನೀರು. ಬಾಟಲಿಗೆ ಹಾಕಿ ಗ್ಯಾರೇಜಿನ ಹಳೆ ಆಯಿಲ್ ಡ್ರಮ್ಮಿಗೆ ಕೊಡಿ.

ದಪ್ಪ ಆಯಿಲ್ ಅನ್ನುವ ಶಾರ್ಟ್‌ಕಟ್

ನಾವು ಕೆಲಸ ಮಾಡುವಾಗ ಹಾಸ್ಟೆಲಿನಿಂದ ಸಲಹೆಗಳ ಮಳೆ ಬಂತು. ಅದರಲ್ಲಿ ದೊಡ್ಡದು, "ದಪ್ಪ ಇಂಜಿನ್ ಆಯಿಲ್ ಹಾಕು, ಸ್ವಲ್ಪ ಜಾಸ್ತಿಯೇ ಹಾಕು, ಗಟ್ಟಿ ಆಗ್ತದೆ." ಗಟ್ಟಿ ಆಗುವುದು ನಿಜ. ಆದರೆ ಗಟ್ಟಿ ಅಂದರೆ ಸೇಫ್ ಅಲ್ಲ.

ತೂತಿನಲ್ಲಿ ಆಯಿಲ್ ರಭಸದಿಂದ ನುಗ್ಗುವಾಗ ಅದರ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಅತಿ ದಪ್ಪ ಆಯಿಲ್ ಇದ್ದರೆ ಚೂಪಾದ ಹೊಂಡಕ್ಕೆ ಬಿದ್ದಾಗ ಫೋರ್ಕ್ ಕುಗ್ಗುವುದೇ ಇಲ್ಲ, ಪೆಟ್ಟು ನೇರ ಮಣಿಕಟ್ಟಿಗೆ. ಒಮ್ಮೆ ಕುಗ್ಗಿದ ಮೇಲೆ ಮುಂದಿನ ಅಲೆ ಬರುವಷ್ಟರಲ್ಲಿ ಮೇಲೆ ಬರುವುದಿಲ್ಲ. ಟೈರ್ ಆಗಲೂ ರಸ್ತೆ ಬಿಡುತ್ತದೆ, ಕಾರಣ ಮಾತ್ರ ಬೇರೆ.

ಅಳತೆಗಿಂತ ಜಾಸ್ತಿ ಹಾಕಿದರೆ ಇನ್ನೊಂದು ಸಮಸ್ಯೆ. ಆಯಿಲಿನ ಮೇಲೆ ಉಳಿಯುವ ಗಾಳಿಯೂ ಒಂದು ಸ್ಪ್ರಿಂಗ್. ಜಾಗ ಕಡಿಮೆ ಆದಷ್ಟು ಕುಗ್ಗುವಾಗ ಅದರ ಒತ್ತಡ ಬೇಗ ಏರುತ್ತದೆ, ಆ ಒತ್ತಡ ಹೊಸ ಸೀಲನ್ನೇ ಹೊರಗೆ ತಳ್ಳಲಿಕ್ಕೆ ನೋಡುತ್ತದೆ. ಮ್ಯಾನುವಲ್ ಹೇಳಿದ ಗ್ರೇಡ್, ಮ್ಯಾನುವಲ್ ಹೇಳಿದ ಮಿಲಿ. ಇದರಲ್ಲಿ ನಮ್ಮ ಬುದ್ಧಿವಂತಿಕೆ ಬೇಡ.

ಯಾವಾಗ ರಿಪೇರಿ ಸಾಕು, ಯಾವಾಗ ಬದಲಿಸಬೇಕು

ಲೀಕ್ ಈಗಷ್ಟೇ ಶುರುವಾಗಿದ್ದರೆ ಕಾರಣ ಬರೀ ಧೂಳು ಆಗಿರಬಹುದು. ಡಸ್ಟ್ ಸೀಲ್ ಎತ್ತಿ, ಹಳೆ ಎಕ್ಸ್‌ರೇ ಫಿಲ್ಮಿನ ತುಂಡನ್ನು ಆಯಿಲ್ ಸೀಲಿನ ತುಟಿಯ ಕೆಳಗೆ ತೂರಿಸಿ ಒಂದು ಸುತ್ತು ತಿರುಗಿಸಿದರೆ ಕಸ ಹೊರಗೆ ಬರುತ್ತದೆ. ಕೆಲವೊಮ್ಮೆ ಇಷ್ಟಕ್ಕೇ ಲೀಕ್ ನಿಲ್ಲುತ್ತದೆ. ಆದರೆ ಅಷ್ಟರಲ್ಲಿ ಹೋದ ಆಯಿಲ್ ವಾಪಸ್ ಬರುವುದಿಲ್ಲ, ಅದನ್ನು ತುಂಬಿಸಲೇಬೇಕು.

ಸೀಲ್ ಹರಿದಿದ್ದರೆ ಸೀಲ್, ಆಯಿಲ್ ಎರಡೂ ಹೊಸತು, ಎರಡೂ ಕಾಲಿಗೆ ಒಟ್ಟಿಗೆ. ಪೈಪಿನಲ್ಲಿ ಒಂದೆರಡು ಸಣ್ಣ ಗುಳಿ ಇದ್ದರೆ ನುಣುಪಾದ ವಾಟರ್ ಪೇಪರಿಗೆ ಆಯಿಲ್ ಹಚ್ಚಿ ಅಂಚು ಮಾತ್ರ ಸವರಿ ತೆಗೆಯಬಹುದು. ಸೀಲ್ ಓಡಾಡುವ ಜಾಗದ ತುಂಬ ತುಕ್ಕು ಇದ್ದರೆ ಎಷ್ಟು ಸೀಲ್ ಹಾಕಿದರೂ ಪ್ರಯೋಜನ ಇಲ್ಲ, ಪೈಪನ್ನೇ ಬದಲಿಸಬೇಕು. ಬೆಂಡ್ ಆದ ಪೈಪಿಗೂ ಅದೇ ಮಾತು. ನಮ್ಮದರಲ್ಲಿ ಎಡಗಡೆಯ ಪೈಪ್ ಹೊಸತು ಹಾಕಬೇಕಾಯಿತು.

ಕೆನಡಾದಂತಹ ಹಿಮದ ದೇಶಗಳಲ್ಲಿ ಸ್ನೋಮೊಬೈಲ್ ಅಂತ ಗಾಡಿ ಉಂಟು. ಎದುರು ಚಕ್ರದ ಬದಲು ಎರಡು ಸ್ಕೀ, ಒಂದೊಂದಕ್ಕೂ ಒಂದೊಂದು ಶಾಕ್. ಹಳೆ ಸ್ನೋಮೊಬೈಲ್ ಇಟ್ಟುಕೊಂಡವರ ಪ್ರಶ್ನೆಯೂ ನಮ್ಮದೇ: ಬಿಚ್ಚಿ ಆಯಿಲ್ ಬದಲಿಸುವಂಥದ್ದಾ, ಇಡೀ ಶಾಕನ್ನೇ ಎಸೆದು ಹೊಸತು ಹಾಕುವಂಥದ್ದಾ? ನಮ್ಮ ಬೈಕಿನಲ್ಲಿ ಎರಡೂ ಇವೆ. ಹಿಂದಿನ ಶಾಕ್ಸ್ ಸೀಲ್ ಮಾಡಿ ಬಂದಿರುತ್ತವೆ, ಹೋದರೆ ಜೋಡಿಯಾಗಿ ಬದಲಿಸುವುದೇ. ಎದುರಿನ ಫೋರ್ಕ್ ಮಾತ್ರ ಬಿಚ್ಚಿ ಕೂಡಿಸುವಂಥದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ಹುಟ್ಟಿದ ಯೆಜ್ಡಿಗಳು ಇನ್ನೂ ರಸ್ತೆಯಲ್ಲಿ ಕಾಣಸಿಗುತ್ತವೆ. ಬಿಚ್ಚಲಿಕ್ಕೆ ಬರುವ ಸಾಮಾನಿಗೆ ಆಯುಷ್ಯ ಜಾಸ್ತಿ, ಬಿಚ್ಚಿ ನೋಡುವವರು ಇದ್ದರೆ.

ಮುಂದಿನವರಿಗೆ

ಸೀಲ್, ವಾಷರ್, ಆಯಿಲ್ ಈ ಮೂರಕ್ಕೆ ಆದ ಖರ್ಚು ನಾವು ಮೂವರು ಒಮ್ಮೆ ಸಿನೆಮಾ ನೋಡಿ ಬಿರಿಯಾನಿ ತಿಂದಷ್ಟು. ಜಾಸ್ತಿ ಆದದ್ದು ಹೊಸ ಪೈಪಿಗೆ. ಅದೂ ಎರಡು ವರ್ಷ ಮೊದಲೇ ಯಾರಾದರೂ ಡಸ್ಟ್ ಸೀಲ್ ಬದಲಿಸಿದ್ದರೆ ಉಳಿಯುತ್ತಿತ್ತು ಅಂತ ಅಣ್ಣ ಹೇಳಿದರು. ನಮಗೆ ಮಾರಿದ ಸೀನಿಯರ್ ಮೋಸ ಮಾಡಿದ್ದಲ್ಲ. ಅವರೂ ನಮ್ಮ ಹಾಗೆಯೇ ಹೊಂದಿಕೊಂಡಿದ್ದರು, ಹಾಗಾಗಿ ಅವರಿಗೂ ಗೊತ್ತಿರಲಿಲ್ಲ.

ರಿಪೇರಿ ಆದ ಮೇಲೆ ಮತ್ತೆ ಅದೇ ಪರ್ಕಳದ ಇಳಿತಕ್ಕೆ ಹೋದೆವು, ಈ ಸಲ ಒಣ ರಸ್ತೆಯಲ್ಲಿ, ನಿಧಾನಕ್ಕೆ. ಅದೇ ಅಲೆಗಳ ಮೇಲೆ ಬ್ರೇಕ್ ಹಿಡಿದಾಗ ಎದುರು ಭಾಗ ಮೆಲ್ಲಗೆ ತಗ್ಗಿ ಅಲ್ಲೇ ನಿಂತಿತು. ದಡದಡ ಇರಲಿಲ್ಲ. ಇಷ್ಟು ದಿನ ನಾವು ಬಿಡುತ್ತಿದ್ದದ್ದು ಯಾವ ಗಾಡಿ ಅಂತ ಆಗ ಗೊತ್ತಾಯಿತು.

ಈಗ ನಮ್ಮ ಬೈಕಿನ ಟೂಲ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಸಣ್ಣ ಪುಸ್ತಕ ಉಂಟು. ಫೋರ್ಕ್ ಆಯಿಲ್ ಹಾಕಿದ ತಾರೀಕು, ಕಿಲೋಮೀಟರ್, ಗ್ರೇಡ್, ಎಷ್ಟು ಮಿಲಿ, ಯಾವ ಪೈಪ್ ಹೊಸತು, ಎಲ್ಲ ಬರೆದಿದ್ದೇವೆ. ಬಲಗಡೆಯ ಪೈಪಿನಲ್ಲಿ ಮೂರು ಗುಳಿ ಇರುವುದನ್ನೂ ಬರೆದಿದ್ದೇವೆ. ಎರಡು ವರ್ಷ ಬಿಟ್ಟು ಇದನ್ನು ಯಾವುದೋ ಜೂನಿಯರಿಗೆ ಮಾರುತ್ತೇವೆ. ಅವರು ಮೈಲೇಜ್ ಮಾತ್ರ ಕೇಳಿದರೂ ಪುಸ್ತಕವನ್ನು ಕೀ ಜೊತೆಗೇ ಕೈಗೆ ಕೊಡುತ್ತೇವೆ.

ನಿಮ್ಮ ಗಾಡಿಯೂ ಕೈಯಿಂದ ಕೈಗೆ ಬಂದದ್ದಾದರೆ, ಸಂಜೆ ಒಮ್ಮೆ ಎದುರಿನ ಬ್ರೇಕ್ ಹಿಡಿದು ಒತ್ತಿ ಬಿಟ್ಟು ನೋಡಿ. ಎಷ್ಟು ಸಲ ತೂಗುತ್ತದೆ ಅಂತ ಎಣಿಸಿ. ಒಂದಕ್ಕಿಂತ ಜಾಸ್ತಿ ಆದರೆ ಗಾಡಿಯನ್ನು ಗ್ಯಾರೇಜಿಗೆ ತಗೊಂಡು ಹೋಗಿ, ಕಾರ್ಕಳ ಟ್ರಿಪ್ ಆಮೇಲೆ.